ಬೂಷ್ಟಿನ ಪ್ರೋಟೀನಿನಿಂದ ಸ್ನಾಯು ಬೆಳೆದೀತೇ?

ಪ್ರಶ್ನೆ: ಮಾಂಸಾಹಾರ ಬಿಟ್ಟು ಒಂದು ವರ್ಷವಾಯಿತು. ವಾರಕ್ಕೆ ನಾಲ್ಕು ದಿನ ಭಾರ ಎತ್ತುವ ವ್ಯಾಯಾಮ ಮಾಡುತ್ತೇನೆ. ಶಿಲೀಂಧ್ರದ ಪ್ರೋಟೀನ್ ಸ್ನಾಯುಗಳನ್ನು ಬೆಳೆಸುತ್ತದೆ, ಪರಿಸರಕ್ಕೂ ಹೊರೆಯಲ್ಲ ಎನ್ನುತ್ತಾರೆ. ಇದು ನಿಜವೇ? ಅದಕ್ಕೆ ಬದಲು ಅಣಬೆಯನ್ನೇ ಹೆಚ್ಚು ತಿಂದರೆ ಸಾಲದೇ?

ಉತ್ತರ: ಸಾಲದು. ನೂರು ಗ್ರಾಂ ಹಸಿ ಅಣಬೆಯಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಮಾತ್ರ ಇರುತ್ತದೆ. ನೀವು ಕೇಳಿರುವುದು ಮೈಕೋಪ್ರೋಟೀನ್, ಅಂದರೆ ಬೂಷ್ಟಿನಿಂದ ತಯಾರಿಸುವ ಪ್ರೋಟೀನ್ ಆಹಾರದ ಬಗ್ಗೆ. 1960ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಲೋ ಎಂಬಲ್ಲಿನ ಮಣ್ಣಿನಲ್ಲಿ ಸಿಕ್ಕ ಫ್ಯುಸೇರಿಯಂ ವೆನೆನಾಟಮ್ ಎಂಬ ಬೂಷ್ಟನ್ನು ಎತ್ತರದ ತೊಟ್ಟಿಗಳಲ್ಲಿ ಗ್ಲೂಕೋಸ್ ಉಣಿಸಿ, ಗಾಳಿಯೂದಿ ಬೆಳೆಸುತ್ತಾರೆ. ಅದು 1985ರಿಂದ ಕ್ವಾರ್ನ್ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಬೂಷ್ಟಿನ ಜೀವಕೋಶಗಳಲ್ಲಿರುವ ಆರ್‌ಎನ್‌ಎ ಎಂಬ ರಾಸಾಯನಿಕ ನಮ್ಮ ದೇಹದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸಬಹುದಾದ್ದರಿಂದ, ಕೊಯ್ದ ಬಳಿಕ ಬಿಸಿ ಮಾಡಿ ಆ ಆರ್‌ಎನ್‌ಎಯನ್ನು ತಗ್ಗಿಸುತ್ತಾರೆ.

ಸ್ನಾಯುವಿನ ವಿಷಯದಲ್ಲಿ ಇದಕ್ಕೆ ಗಟ್ಟಿಯಾದ ಆಧಾರವೇ ಇದೆ. ದೇಹಕ್ಕೆ ಅಗತ್ಯವಾದ ಎಲ್ಲ ಅಮೈನೋ ಆಮ್ಲಗಳೂ ಇದರಲ್ಲಿವೆ. ಎಕ್ಸೆಟರ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ, ಇಪ್ಪತ್ತು ಯುವಕರ ಮೇಲಿನ ಅಧ್ಯಯನದಲ್ಲಿ, ಸಮಾನ ಪ್ರಮಾಣದ ಲ್ಯೂಸೀನ್ (ಸ್ನಾಯು ಕಟ್ಟುವಿಕೆಗೆ ಚಾಲನೆ ಕೊಡುವ ಅಮೈನೋ ಆಮ್ಲ) ಇದ್ದ ಹಾಲಿನ ಪ್ರೋಟೀನಿಗಿಂತ ಮೈಕೋಪ್ರೋಟೀನ್ ಸೇವಿಸಿದವರಲ್ಲಿ ಸ್ನಾಯುಪ್ರೋಟೀನಿನ ತಯಾರಿ ಹೆಚ್ಚು ಚುರುಕಾಗಿತ್ತು. ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಲ್ಯೂಸೀನ್ ಸಮವಾಗಿದ್ದರೂ ಒಟ್ಟು ಪ್ರೋಟೀನ್ ಸಮವಾಗಿರಲಿಲ್ಲ: ಮೈಕೋಪ್ರೋಟೀನಿನವರಿಗೆ 31 ಗ್ರಾಂಗೂ ಮಿಕ್ಕಿ, ಹಾಲಿನವರಿಗೆ ಸುಮಾರು 26 ಗ್ರಾಂ ಸಿಕ್ಕಿತ್ತು. ಜೊತೆಗೆ, ಅಧ್ಯಯನದಲ್ಲಿ ಕೊಟ್ಟದ್ದು 70 ಗ್ರಾಂ ಮೈಕೋಪ್ರೋಟೀನ್; ಅದು ಒಣಗಿಸಿದ ಪುಡಿಯ ತೂಕ. ಅಡುಗೆಗೆ ಬಳಸುವ ಹಸಿ ರೂಪದಲ್ಲಿ ಮುಕ್ಕಾಲು ಪಾಲು ನೀರೇ ಇದ್ದು, ನೂರು ಗ್ರಾಂಗೆ ಸುಮಾರು 11 ಗ್ರಾಂ ಪ್ರೋಟೀನ್ ಸಿಗುವುದರಿಂದ, ಅಷ್ಟೇ ಫಲ ಬಯಸುವವರು ಒಂದೇ ಹೊತ್ತಿಗೆ ಹೆಚ್ಚುಕಡಿಮೆ 280 ಗ್ರಾಂ ತಿನ್ನಬೇಕಾಗುತ್ತದೆ. ನಾರಿನಂಶವೂ ಚೆನ್ನಾಗಿರುವುದರಿಂದ ಅದಕ್ಕೆ ಮೊದಲೇ ಹೊಟ್ಟೆ ತುಂಬಿಬಿಡುತ್ತದೆ. ತೂಕ ಇಳಿಸುವವರಿಗೆ ಇದು ಅನುಕೂಲವಾದರೆ, ಮೈ ಬೆಳೆಸುವವರಿಗೆ ತೊಡಕು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೋಟೀನ್ ನಿಮ್ಮ ಗುರಿಯಾದರೆ, ಅದರಲ್ಲಿ ಒಂದು ಪಾಲನ್ನು ಮಾತ್ರ ಇದರಿಂದ ಪಡೆದು, ಉಳಿದದ್ದನ್ನು ಬೇಳೆಕಾಳು, ಸೋಯಾ, ಹಾಲುಗಳಿಗೆ ಬಿಡುವುದು ಜಾಣತನವೆಂದು ನನಗೆ ತೋರುತ್ತದೆ.

ಪರಿಸರದ ಮಾತಿನಲ್ಲಿ, ಯಾವುದಕ್ಕೆ ಹೋಲಿಸುತ್ತೀರಿ ಎನ್ನುವುದೇ ಮುಖ್ಯ. ದನ, ಕುರಿಗಳಂಥ ಮೆಲುಕು ಹಾಕುವ ಪ್ರಾಣಿಗಳ ಮಾಂಸದಲ್ಲಿ ಐದನೇ ಒಂದು ಪಾಲಿನ ಬದಲು ಇಂಥ ಸೂಕ್ಷ್ಮಜೀವಿ ಪ್ರೋಟೀನ್ ಬಳಸಿದರೆ 2050ರ ಹೊತ್ತಿಗೆ ವಾರ್ಷಿಕ ಅರಣ್ಯನಾಶ ಅರ್ಧಕ್ಕಿಳಿಯಬಹುದೆಂದು 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರ ಹೇಳುತ್ತದೆ. ಬೇಳೆಕಾಳಿನ ಎದುರು ಮಾತ್ರ ಈ ಮೇಲುಗೈ ಉಳಿಯುವುದು ಕಷ್ಟ, ಏಕೆಂದರೆ ತೊಟ್ಟಿಗೆ ಸುರಿಯುವ ಗ್ಲೂಕೋಸ್ ಕೂಡ ಹೊಲದಿಂದಲೇ ಬರಬೇಕು, ಹಗಲಿರುಳೂ ವಿದ್ಯುತ್ ಬೇಕು.

ಕೊಳ್ಳುವಾಗ ಪೊಟ್ಟಣದ ಮೇಲಿನ ಬರಹವನ್ನು ಓದಿ. ಕೆಲವು ತಯಾರಿಕೆಗಳಲ್ಲಿ ಹಿಡಿತಕ್ಕಾಗಿ ಮೊಟ್ಟೆಯ ಬಿಳಿಭಾಗ ಸೇರಿರುತ್ತದೆ. ಅಪರೂಪಕ್ಕೆ ಕೆಲವರಿಗೆ, ವಿಶೇಷವಾಗಿ ಬೂಷ್ಟಿನ ಅಲರ್ಜಿ ಇರುವವರಿಗೆ, ಇದು ಒಗ್ಗುವುದಿಲ್ಲವಾದ್ದರಿಂದ ಮೊದಲ ಸಲ ಸ್ವಲ್ಪವೇ ತಿಂದು ನೋಡಿ. ವಾಂತಿ, ದದ್ದು ಅಥವಾ ಉಬ್ಬಸ ಕಾಣಿಸಿಕೊಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿರಿ.