ಅಕ್ಕೋರ ಉತ್ತರ: ಹಿನ್ನೀರ ದಂಡೆಯ ಗಾಳಿ, ಮಳೆ, ಸಿಡಿಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹವಾಮಾನದ ಎಚ್ಚರಿಕೆಗಳ ಬಗ್ಗೆಯೇ ಇವೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಮನೆ ಬಾಗಲಕೋಟೆಯ ನವನಗರದಲ್ಲಿದೆ. ಆಲಮಟ್ಟಿಯ ಹಿನ್ನೀರು ಹೊಸದಾಗಿ ನಮ್ಮೂರ ಪಕ್ಕಕ್ಕೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಈ ಪ್ರಶ್ನೆಗಳು ನನ್ನ ಮನಸ್ಸಿಗೆ ಬಹಳ ಹತ್ತಿರ.

ಅಕ್ಕೋರೇ, ನನ್ನ ಮಗನಿಗೆ ಒಂಬತ್ತು ವರ್ಷ, ದಮ್ಮಿನ ತೊಂದರೆ ಇದೆ. ಚಳಿಗಾಲದಲ್ಲೂ ಬೆಳಗ್ಗೆ ಆರಕ್ಕೆ ಕ್ರಿಕೆಟ್ ಕೋಚಿಂಗಿಗೆ ಹೋಗುತ್ತಾನೆ. ಗಾಳಿ ಹೇಗಿದೆ ಎಂದು ಮೊಬೈಲಿನಲ್ಲಿ ನೋಡಿದರೆ ಒಂದು ಆ್ಯಪ್ 137 ತೋರಿಸುತ್ತದೆ, ಇನ್ನೊಂದು 83. ಒಂದರಲ್ಲಿ ಕಿತ್ತಳೆ ಬಣ್ಣ, ಇನ್ನೊಂದರಲ್ಲಿ ಹಸಿರು. ಯಾವುದನ್ನು ನಂಬಲಿ?
*– ಒಬ್ಬ ತಾಯಿ, ವಿದ್ಯಾಗಿರಿ, ಬಾಗಲಕೋಟೆ*

ತಂಗೀ, ಎರಡೂ ಸುಳ್ಳಲ್ಲ. ಗಾಳಿ ಒಂದೇ, ಲೆಕ್ಕದ ಪಟ್ಟಿ ಬೇರೆ. ಅಳೆಯುವುದು ಪಿಎಂ 2.5 ಎಂಬ ಸಣ್ಣ ಕಣಗಳನ್ನು. ಇವು ಎರಡೂವರೆ ಮೈಕ್ರಾನಿಗಿಂತ ಚಿಕ್ಕವು, ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲು ಎನ್ನಬಹುದು. ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ 50 ಮೈಕ್ರೋಗ್ರಾಂ ಇದೆ ಎಂದುಕೊಳ್ಳಿ. ಅಮೆರಿಕದ ಪಟ್ಟಿಯಲ್ಲಿ ಅದು ಸುಮಾರು 137 ಆಗುತ್ತದೆ. ಅಲ್ಲಿ ಇದಕ್ಕೆ ‘ಸೂಕ್ಷ್ಮ ಆರೋಗ್ಯದವರಿಗೆ ಒಳ್ಳೆಯದಲ್ಲ’ ಎಂಬ ಅರ್ಥ. ನಮ್ಮ ದೇಶದ ಪಟ್ಟಿಯಲ್ಲಿ ಅದೇ 50ಕ್ಕೆ ಬರುವುದು 83, ಅಂದರೆ ‘ತೃಪ್ತಿಕರ’. ಹೊರದೇಶದ ಎಷ್ಟೋ ಆ್ಯಪ್‌ಗಳು ಅಮೆರಿಕದ ಲೆಕ್ಕವನ್ನೇ ತೋರಿಸುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಇರುವುದು ನಮ್ಮ ಲೆಕ್ಕ. ನಿಮ್ಮ ವಿದ್ಯಾಗಿರಿಯಲ್ಲೇ ಗಾಳಿ ಅಳೆಯುವ ಸರ್ಕಾರಿ ಕೇಂದ್ರ ಇದೆ, ಅದನ್ನೇ ಆರಿಸಿಕೊಳ್ಳಿ.

ಆದರೆ ಹಸಿರು ಬಣ್ಣ ನೋಡಿ ನಿಶ್ಚಿಂತೆಯಾಗಬೇಡಿ. ನಮ್ಮಲ್ಲಿ ‘ತೃಪ್ತಿಕರ’ ಅಂದಾಗಲೂ ಸೂಕ್ಷ್ಮ ಇರುವವರಿಗೆ ಉಸಿರಾಟದ ಸಣ್ಣ ತೊಂದರೆ ಆಗಬಹುದು ಎಂದು ಮಂಡಳಿಯೇ ಹೇಳುತ್ತದೆ. ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ದಮ್ಮಿನ ಮಗು ಇರುವ ಮನೆಯವರು ಬಿಗಿಯಾದ ಲೆಕ್ಕವನ್ನೇ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಾತು. ನಮ್ಮ ಪಟ್ಟಿಯ ಅಂಕಿ ಇಪ್ಪತ್ನಾಲ್ಕು ತಾಸಿನ ಸರಾಸರಿಯದು. ನಿಮ್ಮ ಮಗ ಓಡುವ ಬೆಳಗಿನ ಆರು ಗಂಟೆ ಆ ಸರಾಸರಿಗಿಂತ ಕೆಟ್ಟದಾಗಿರಬಹುದು.

ಯಾಕೆ ಗೊತ್ತಾ? ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ. ಮೇಲೆ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕುಳಿತಿರುತ್ತದೆ. ಒಲೆಯ ಹೊಗೆ, ಕಸ ಸುಟ್ಟ ಹೊಗೆ, ಕಬ್ಬಿನ ಟ್ರ್ಯಾಕ್ಟರುಗಳ ಹೊಗೆ, ರಸ್ತೆಯ ಧೂಳು ಎಲ್ಲ ಅದರೊಳಗೆ ಸಿಕ್ಕಿಬೀಳುತ್ತವೆ. ಹಿನ್ನೀರಿನ ಕಡೆಯಿಂದ ತೇವವೂ ಸೇರುತ್ತದೆ. ಹೊಗೆಯ ಕಣ ನೀರು ಹೀರಿ ಉಬ್ಬುತ್ತದೆ, ಮಬ್ಬು ದಟ್ಟವಾಗುತ್ತದೆ. ಎಲ್ಲರೂ ಅದನ್ನು ಮಂಜು ಅನ್ನುತ್ತಾರೆ. ಬರೀ ಮಂಜಾದರೆ ಬೆಳ್ಳಗಿರುತ್ತದೆ, ವಾಸನೆ ಇರುವುದಿಲ್ಲ. ಗಂಟಲು ಕೆರೆದರೆ, ಸುಟ್ಟ ವಾಸನೆ ಬಂದರೆ ಅದರಲ್ಲಿ ಹೊಗೆ ಇದೆ ಅಂತಲೇ ತಿಳಿಯಿರಿ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ಮೇಲೆ-ಕೆಳಗೆ ಕಲೆತು ಹೊಗೆ ಚದುರುತ್ತದೆ.

ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಕೋಚಿಂಗನ್ನು ಸಂಜೆ ನಾಲ್ಕಕ್ಕೆ ಬದಲಿಸಲು ಕೋಚ್‌ಗೆ ಕೇಳಿ. ನಾಲ್ಕು ಜನ ತಾಯಂದಿರು ಒಟ್ಟಿಗೆ ಹೋಗಿ ಕೇಳಿದರೆ ಒಪ್ಪುತ್ತಾರೆ. ಆಟ ಮಾತ್ರ ಬಿಡಿಸಬೇಡಿ. ಡಾಕ್ಟರು ಕೊಟ್ಟ ಪಂಪು (ಇನ್ಹೇಲರ್) ಅವನ ಚೀಲದಲ್ಲೇ ಇರಲಿ. ‘ಪಂಪು ಹಚ್ಚಿದರೆ ಚಟ ಆಗುತ್ತದೆ’ ಎಂದು ಹೇಳುವವರು ನಮ್ಮ ಕಡೆ ಬಹಳ ಜನ. ಅದು ಚಟ ಹಿಡಿಸುವ ಔಷಧವಲ್ಲ. ಆ ಮಾತು ಕೇಳಿ ಡಾಕ್ಟರು ಹೇಳಿದ ಪಂಪು ನಿಲ್ಲಿಸಿ ಮಕ್ಕಳು ಒದ್ದಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬಟ್ಟೆಯ ಮಾಸ್ಕ್ ಈ ಕಣ ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಆದರೆ ಮುಖಕ್ಕೆ ಸರಿಯಾಗಿ ಕೂರಬೇಕು. ಅದನ್ನು ಹಾಕಿಸಿ ಓಡಿಸಬೇಡಿ.

ನಾವು ಹಿನ್ನೀರಿನಲ್ಲಿ ಮೀನು ಹಿಡಿಯುವವರು. ಮೇ ತಿಂಗಳಲ್ಲಿ ಮೊಬೈಲಿಗೆ ಸಿಡಿಲಿನ ಎಚ್ಚರಿಕೆ ಬರುತ್ತದೆ. ತಲೆ ಎತ್ತಿ ನೋಡಿದರೆ ಸುಡು ಬಿಸಿಲು. ‘ಮೋಡ ಇಲ್ಲ, ಮಳಿ ಇಲ್ಲ, ಎಲ್ಲಿಂದ ಸಿಡಿಲು? ತೆಪ್ಪ ಬಿಡು’ ಅನ್ನುತ್ತಾನೆ ಅಜ್ಜ. ಬಿಡಬೇಕೋ, ಬೇಡವೋ?
*– ಬೀಳಗಿ ತಾಲ್ಲೂಕಿನ ಯುವಕ*

ಬೇಡ ತಮ್ಮಾ, ಬಿಡಬೇಡ. ಅಜ್ಜನಿಗೆ ನೀರು ಗೊತ್ತು, ಮೀನು ಗೊತ್ತು, ಆ ಅನುಭವಕ್ಕೆ ನಾನು ಕೈ ಮುಗಿಯುತ್ತೇನೆ. ಸಿಡಿಲಿನ ವಿಷಯದಲ್ಲಿ ಮಾತ್ರ ಮೊಬೈಲಿನ ಮಾತು ಕೇಳು. ಮಳೆ ಸುರಿಯುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬೀಳುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಮಾಡಿದ ‘ದಾಮಿನಿ’ ಆ್ಯಪ್ ನೀನಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರಿನೊಳಗೆ ಸಿಡಿಲು ಎಲ್ಲಿದೆ ಎಂದು ತೋರಿಸುತ್ತದೆ. ನಲವತ್ತು ಕಿಲೋಮೀಟರ್ ದೂರದ ಮೋಡ ನಿನ್ನ ತಲೆಯ ಮೇಲೆ ಬರಲು ತಾಸು ಹೊತ್ತು ಸಾಕು. ದಂಡೆಯಿಂದ ದೂರ ಹೋಗಿದ್ದರೆ ಹುಟ್ಟು ಹಾಕಿ ವಾಪಸ್ ಬರಲು ಎಷ್ಟು ಹೊತ್ತು ಬೇಕು, ನೀನೇ ಲೆಕ್ಕ ಹಾಕು.

ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರ ಇರುವುದು ತೆಪ್ಪದಲ್ಲಿ ಕೂತ ಮನುಷ್ಯನೇ, ಅಲ್ವಾ? ಜೊತೆಗೆ ಗಾಳಿಯ ಕಾಟ. ಗುಡುಗಿನ ಮೋಡದಿಂದ ತಣ್ಣನೆ ಗಾಳಿ ಧೊಪ್ಪನೆ ಕೆಳಗಿಳಿದು ಮಳೆಗಿಂತ ಮುಂಚೆ ನುಗ್ಗುತ್ತದೆ. ನೀರಿನ ಮೇಲೆ ಅದಕ್ಕೆ ಗಿಡವಿಲ್ಲ, ಮನೆಯಿಲ್ಲ, ತಡೆ ಎಂಬುದೇ ಇಲ್ಲ. ನೋಡನೋಡುತ್ತಿದ್ದಂತೆ ಅಲೆ ಏಳುತ್ತದೆ. ಬಿಸಿಗಾಳಿ ನಿಂತು ಒಮ್ಮೆಗೇ ತಂಪು ಗಾಳಿ ಬೀಸಿದರೆ ಬಲೆ ಎಳೆಯುತ್ತಾ ಕೂರಬೇಡ. ಬಲೆ ಅಲ್ಲೇ ಬಿಟ್ಟು ದಂಡೆಗೆ ಬಾ.

ಮಿಂಚು ಕಂಡ ಕೂಡಲೇ ಎಣಿಸು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಅಪಾಯ ನಿನ್ನ ಬುಡದಲ್ಲೇ ಇದೆ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಆಗುವ ತನಕ ಹೊರಗೆ ಬರಬೇಡ. ಪಕ್ಕಾ ಮನೆ ಒಳ್ಳೆಯದು, ಗಾಜು ಏರಿಸಿದ ಕಾರೂ ಆಗುತ್ತದೆ. ಬೇವಿನ ಗಿಡದ ಬುಡ, ತೆರೆದ ತಗಡಿನ ಶೆಡ್ಡು ಬೇಡವೇ ಬೇಡ. ಬಯಲಲ್ಲಿ ಸಿಕ್ಕಿಬಿದ್ದರೆ ಕಾಲು ಜೋಡಿಸಿ, ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕೂರು. ಮಲಗಬೇಡ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದೆ ಎಂದು ಎಷ್ಟೋ ಜನ ದೂರ ನಿಲ್ಲುತ್ತಾರೆ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಧೈರ್ಯವಾಗಿ ಮುಟ್ಟು. ಉಸಿರು ನಿಂತಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಾ 108ಕ್ಕೆ ಫೋನ್ ಮಾಡಿಸು. ಆ ಹೊತ್ತಿನಲ್ಲಿ ಜೀವ ಉಳಿಸಬಹುದು, ಇದನ್ನು ನಿನ್ನ ಜೊತೆಯವರಿಗೂ ಕಲಿಸು.

ಟಿವಿಯಲ್ಲಿ ಆರೆಂಜ್ ಅಲರ್ಟ್ ಅಂದರು. ನಮ್ಮೂರಲ್ಲಿ ಹನಿ ಮಳೆ ಇಲ್ಲ. ಇದನ್ನೆಲ್ಲ ಯಾಕೆ ನಂಬಬೇಕು?
*– ಮುಧೋಳ*

ಕಿತ್ತಳೆ ಬಣ್ಣಕ್ಕೆ ‘ತಯಾರಾಗಿರಿ’ ಎಂದಷ್ಟೇ ಅರ್ಥ. ಹಳದಿ ಅಂದರೆ ಗಮನವಿಡಿ. ಕೆಂಪು ಬಂದರೆ ಕೆಲಸ ಬಿಟ್ಟು ಜೀವ ನೋಡಿಕೊಳ್ಳಿ. ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ, ಮಳೆ ಅದರ ಒಂದು ಮೂಲೆಯಲ್ಲಿ ಬೀಳಬಹುದು. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ.

ಆದರೆ ಘಟಪ್ರಭೆಯ ದಂಡೆಯವರಾದ ನೀವು ನಿಮ್ಮೂರಿನ ಮೋಡ ನೋಡಿ ಕೂರುವ ಹಾಗಿಲ್ಲ. ನಮ್ಮ ನೆರೆ ಹುಟ್ಟುವುದು ಸಹ್ಯಾದ್ರಿಯಲ್ಲಿ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು, ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತು. ಬೆಳಗಾವಿ ಜಿಲ್ಲೆಗೆ, ಘಟ್ಟಕ್ಕೆ ಕೊಟ್ಟ ಎಚ್ಚರಿಕೆಯನ್ನೂ ಓದಿ. ಹಿಡಕಲ್ ಡ್ಯಾಮಿನಿಂದ ನೀರು ಬಿಡುವ ಸುದ್ದಿ ಬಂದರೆ ಹೊಳೆದಂಡೆಯ ಪಂಪ್‌ಸೆಟ್ಟು, ದನಕರು ಮೇಲಕ್ಕೆ ಸಾಗಿಸಿ.

ಮಗಳು ಅಮೆರಿಕದ ಮಿಲ್ವಾಕಿಯಲ್ಲಿದ್ದಾಳೆ, ಮಿಷಿಗನ್ ಸರೋವರದ ದಂಡೆ. ಬೇಸಿಗೆಯಲ್ಲಿ ಆಕಾಶ ನೀಲಿಯಾಗಿದ್ದ ದಿನವೇ ಗಾಳಿ ಕೆಟ್ಟಿದೆ ಎಂದು ಸಂದೇಶ ಬರುತ್ತದಂತೆ. ಅಲ್ಲಿಗೆ ಹೋಗುವವರಿದ್ದೇವೆ, ಯಜಮಾನರಿಗೆ ದಿನಾ ವಾಕಿಂಗ್ ಬೇಕು.
*– ವಿಜಯಪುರ*

ಅದು ಓಝೋನ್ ಎಂಬ ಅನಿಲ, ಕಣ್ಣಿಗೆ ಕಾಣುವುದಿಲ್ಲ. ವಾಹನ, ಕಾರ್ಖಾನೆಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ಹುಟ್ಟುತ್ತದೆ. ತಣ್ಣಗಿನ ಸರೋವರದ ಮೇಲೆ ಅದು ಮೇಲೇಳದೆ ತೇಲುತ್ತಿರುತ್ತದೆ. ಮಧ್ಯಾಹ್ನ ಸರೋವರದ ಗಾಳಿ ಅದನ್ನು ದಂಡೆಗೆ ತಳ್ಳುತ್ತದೆ. ಮಾಸ್ಕ್ ಹಾಕಿದರೆ ಪ್ರಯೋಜನವಿಲ್ಲ. ಹಾಗಾಗಿ ಅಲ್ಲಿ ಬೇಸಿಗೆಯ ವಾಕಿಂಗ್ ಬೆಳಗ್ಗೆಯೇ ಮುಗಿಸಲಿ. ನಮ್ಮ ಚಳಿಗಾಲಕ್ಕೆ ನಾನು ಹೇಳಿದ್ದಕ್ಕೆ ಇದು ಉಲ್ಟಾ, ಗಮನಿಸಿ. ಕೆಲವು ವರ್ಷ ಕೆನಡಾದ ಕಾಡ್ಗಿಚ್ಚಿನ ಹೊಗೆಯೂ ಅಲ್ಲಿಗೆ ಬರುತ್ತದೆ, 2023ರ ಜೂನಿನಲ್ಲಿ ಜೋರಾಗಿಯೇ ಬಂದಿತ್ತು. ಆಗ ಕಿಟಕಿ ಮುಚ್ಚಿ ಒಳಗಿರಬೇಕು, ಹೊರಗೆ ಹೋಗಲೇಬೇಕಾದರೆ ಎನ್95 ಹಾಕಬೇಕು. ಅಲೆಯ ಎಚ್ಚರಿಕೆ ಇದ್ದ ದಿನ ನೀರಿಗೆ ಕಾಲೂ ಇಡಬೇಡಿ.

ಕಬ್ಬು ಕಡಿದ ಮೇಲೆ ನಮ್ಮ ಒಂದು ಹೊಲದ ರವದಿ (ಒಣ ಗರಿ) ಸುಟ್ಟರೆ ಊರಿಗೆ ಏನಾಗುತ್ತದೆ?
*– ಜಮಖಂಡಿ ತಾಲ್ಲೂಕಿನ ರೈತ*

ಒಂದೇ ಹೊಲ ಅಲ್ಲವಲ್ಲ ಅಣ್ಣಾ. ಹಂಗಾಮಿನಲ್ಲಿ ಸಂಜೆಯಾದರೆ ಸುತ್ತ ಎಷ್ಟು ಬೆಂಕಿ ಕಾಣುತ್ತದೆ, ನೀವೇ ನೋಡಿದ್ದೀರಿ. ಸಂಜೆ ಹಚ್ಚಿದ ಬೆಂಕಿಯ ಹೊಗೆ ರಾತ್ರಿಯೆಲ್ಲ ನೆಲಕ್ಕೆ ಅಂಟಿಕೊಂಡಿರುತ್ತದೆ. ಮೊದಲ ಪತ್ರದ ತಾಯಿ ಬರೆದ ಆ ಮಗು ಬೆಳಗ್ಗೆ ಉಸಿರಾಡುವುದು ಅದನ್ನೇ. ನಿಮ್ಮ ಮನೆಯಲ್ಲೂ ಮಕ್ಕಳು, ವಯಸ್ಸಾದವರು ಇರುತ್ತಾರೆ. ರವದಿಯನ್ನು ಸಾಲಿನ ನಡುವೆ ಹಾಸಿ ಕೊಳೆಯಲು ಬಿಡಿ. ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಕೊಳೆಯುವುದು ಇನ್ನೂ ಬೇಗ. ಕೂಳೆ ಬೆಳೆಗೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಎರೆಹುಳ ಬದುಕುತ್ತದೆ. ಖರ್ಚಿನ ಮಾತು ನನಗೂ ಅರ್ಥವಾಗುತ್ತದೆ, ಆಳು ಸಿಗುವುದಿಲ್ಲ. ಯಂತ್ರಕ್ಕೆ ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅಕ್ಕಪಕ್ಕದ ಹೊಲದವರು ಕೂಡಿ ಒಂದೇ ಯಂತ್ರ ತರಿಸಿದರೆ ಹಗುರಾಗುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರು ಯಾರನ್ನು ಕೇಳಬೇಕು?
*– ಹುನಗುಂದ*

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ಕ್ಕೆ ಕರೆ ಮಾಡಿ, ನಂಬರ್ 92433 45433. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಊರು, ಹೋಬಳಿ ಹೇಳಿದರೆ ನಿಮ್ಮ ಕಡೆಯ ಮಳೆ-ಗಾಳಿಯ ಮುನ್ಸೂಚನೆ ತಿಳಿಸುತ್ತಾರೆ. ನೆರೆ ಬಂದರೆ ಜಿಲ್ಲೆಯ ಕಂಟ್ರೋಲ್ ರೂಮ್ 1077. ಎರಡೂ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಡಿ.