ಇಳಿಸಿದ ಶೆವರ್ಲೆ ಪಿಕಪ್: ಮೊದಲು ಆಕ್ಸಲ್ ಆಡೋಕೆ ಜಾಗ ಮಾಡಿ

ಸರ್, ನಿಮ್ಮದು 1996ರ ಶೆವರ್ಲೆ ಸಿ1500, ಟೂ ವೀಲ್ ಡ್ರೈವ್. ಹಳೇ ಓನರ್ ಗಾಡಿಯ ಎತ್ತರವನ್ನು ಮುಂದೆ 4 ಇಂಚು, ಹಿಂದೆ 6 ಇಂಚು ಇಳಿಸಿದ್ದಾರೆ. ಡಲ್ಲಾಸ್ ಫ್ರೀವೇಯಲ್ಲಿ ಕಾಂಕ್ರೀಟ್ ಜಾಯಿಂಟ್ ಬಂದ ಕಡೆಯೆಲ್ಲ ಹಿಂದಿನಿಂದ ಧಡ್ ಅಂತ ಹೊಡೆಯುತ್ತದೆ, 60 ಮೈಲಿ ದಾಟಿದರೆ ಅದುರುತ್ತದೆ. ಲೀಫ್ ಸ್ಪ್ರಿಂಗ್‌ನ ಒಂದು ಪಟ್ಟಿ ತೆಗೆಸಲಾ, ಏರ್ ಬ್ಯಾಗ್ (ಸ್ಪ್ರಿಂಗ್ ಬದಲು ಭಾರ ಹೊರುವ ಗಾಳಿ ಚೀಲ) ಹಾಕಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ.

ಈ ಗಾಡಿಯಲ್ಲಿ ಕಂಪನಿಯಿಂದ ಬರುವಾಗ ಸ್ಪ್ರಿಂಗ್ ಆಕ್ಸಲ್ ಮೇಲೆ ಕೂತಿರುತ್ತದೆ. 6 ಇಂಚು ಇಳಿದಿದೆ ಅಂದರೆ ಹೆಚ್ಚಿನ ಮಟ್ಟಿಗೆ ಫ್ಲಿಪ್ ಕಿಟ್ ಹಾಕಿದ್ದಾರೆ. ಅಂದರೆ ಆಕ್ಸಲ್ ಈಗ ಸ್ಪ್ರಿಂಗ್ ಮೇಲೆ ಬಂದಿದೆ. ಗಾಡಿ ಇಳಿದಷ್ಟೇ ಆಕ್ಸಲ್ ಚಾಸಿ ಹತ್ತಿರ ಹೋಗಿದೆ. ಸ್ಪ್ರಿಂಗ್ ಮೆತ್ತಗೇ ಇರಬಹುದು, ಆದರೆ ಅದಕ್ಕೆ ಆಡೋಕೆ ಜಾಗವೇ ಇಲ್ಲ. ಇಂಥ ಗಾಡಿಯಲ್ಲಿ ಪಟ್ಟಿ ತೆಗೆದರೆ ಇನ್ನೂ ಬೇಗ ಹೋಗಿ ಹೊಡೆಯುತ್ತದೆ. ಜೊತೆಗೆ ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಆಕ್ಸಲ್ ಮೇಲೆದ್ದಾಗ ಚಾಸಿಗೆ ನೇರ ಹೊಡೆಯದಂತೆ ತಡೆಯುವ ಬಂಪ್ ಸ್ಟಾಪ್‌ನ ರಬ್ಬರ್ ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿ, ದಿನಾ ಹೋಗುವ ರಸ್ತೆಯಲ್ಲೇ ಒಂದು ಸುತ್ತು ಹಾಕಿ ಬನ್ನಿ. ಗ್ರೀಸ್ ಆಕ್ಸಲ್‌ಗೆ ಅಂಟಿದ್ದರೆ ಕಾರಣ ಸಿಕ್ಕಿತು. ಬಂಪ್ ಸ್ಟಾಪೇ ಇಲ್ಲದಿದ್ದರೆ ಚಾಸಿಯ ಅಡಿಭಾಗ ನೋಡಿ, ಪೇಂಟ್ ಕಿತ್ತು ಹೊಳೆಯುತ್ತಿರುತ್ತದೆ. ಖಾಲಿ ಗಾಡಿ ನಿಂತಾಗ ಆಕ್ಸಲ್‌ಗೂ ಬಂಪ್ ಸ್ಟಾಪ್‌ಗೂ ನಡುವೆ 3 ಇಂಚಾದರೂ ಇರಬೇಕು ಅನ್ನುವುದು ನನ್ನ ಲೆಕ್ಕ.

ಇದಕ್ಕೆ ಮದ್ದು ಸಿ-ನಾಚ್. ಆಕ್ಸಲ್‌ನ ನೇರ ಮೇಲೆ ಚಾಸಿಯನ್ನು ಅರ್ಧಚಂದ್ರದಂತೆ ಕತ್ತರಿಸಿ, ಅಲ್ಲಿ ದಪ್ಪ ಉಕ್ಕಿನ ಬ್ರಾಕೆಟ್ ಕೂರಿಸುವುದು. ಬೋಲ್ಟ್ ಹಾಕುವ ಕಿಟ್ ಸಿಗುತ್ತದೆ, ವೆಲ್ಡ್ ಮಾಡುವುದೂ ಇದೆ. ಮನೆ ಗ್ಯಾರೇಜಲ್ಲಿ ಮಾಡೋದಾದರೆ ಬೋಲ್ಟ್ ಕಿಟ್ಟೇ ತಗೊಳ್ಳಿ, ಅದರಲ್ಲಿ ಬರುವ ಗ್ರೇಡ್ 8 (ಹೆಚ್ಚು ಗಟ್ಟಿ) ಬೋಲ್ಟ್‌ಗಳನ್ನೇ ಬಳಸಿ. ಕತ್ತರಿಸುವ ಮೊದಲು ಚಾಸಿಗೆ ಅಂಟಿಕೊಂಡಿರುವ ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ವೈರಿಂಗ್ ಎಲ್ಲ ಬಿಚ್ಚಿ ದೂರ ಸರಿಸಿ. ಗ್ರೈಂಡರ್ ಕಿಡಿ ಯಾರ ಮಾತೂ ಕೇಳಲ್ಲ. ಕತ್ತರಿಸುವ ಜಾಗದ ಹಿಂದೆಯೂ ಮುಂದೆಯೂ ಚಾಸಿಗೆ ಸ್ಟ್ಯಾಂಡ್ ಕೊಡಿ. ಒಂದು ಬದಿ ಪೂರ್ತಿ ಬಿಗಿಯಾದ ಮೇಲೇ ಇನ್ನೊಂದು ಬದಿಗೆ ಬ್ಲೇಡ್ ಇಡಿ. ಕತ್ತರಿಸಿದ ಅಂಚಲ್ಲಿ ಚೂಪು ಮೂಲೆ ಉಳಿಯಬಾರದು, ಬಿರುಕು ಶುರುವಾಗುವುದೇ ಅಲ್ಲಿಂದ. ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ ಬಿಚ್ಚಿಡಿ, ಅರ್ಥ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ.

ಬಂಪ್ ಸ್ಟಾಪ್ ತೆಗೆದುಬಿಟ್ಟರೆ ಜಾಗ ಸಿಗುತ್ತಲ್ವಾ ಅಂತ ಮೇಲಿನ ಕಾಮೆಂಟಲ್ಲಿ ಯಾರೋ ಬರೆದಿದ್ದಾರೆ. ಸಿಗುತ್ತದೆ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಹೊಡೆಯುತ್ತದೆ. ನಾಚ್ ಆದ ಮೇಲೂ ಗಿಡ್ಡ ಬಂಪ್ ಸ್ಟಾಪ್ ಇರಲೇಬೇಕು.

ಶಾಕ್ ಅಬ್ಸಾರ್ಬರ್ ಕೂಡ ನೋಡಿ. ಹಳೇ ಉದ್ದದ ಶಾಕ್ ಹಾಗೇ ಬಿಟ್ಟಿದ್ದರೆ ಅದು ಆಗಲೇ ಮುಕ್ಕಾಲು ಒಳಗೆ ಹೋಗಿರುತ್ತದೆ. ಆಕ್ಸಲ್ ಪೂರ್ತಿ ಮೇಲೆ ಹೋದಾಗ ಬಂಪ್ ಸ್ಟಾಪ್ ಮೊದಲು ತಾಗಬೇಕು, ಶಾಕ್ ತಳ ಮುಟ್ಟಬಾರದು. ಇಳಿಸಿದ ಗಾಡಿಗೆ ಅಂತಲೇ ಬರುವ ಗಿಡ್ಡ ಶಾಕ್ ಹಾಕಿ.

ಇನ್ನು ಅದುರುವ ವಿಷಯ. ಟೈರ್ ಬ್ಯಾಲೆನ್ಸ್ ಸರಿ ಇದೆ ಅಂದಿದ್ದೀರಿ. ಹಾಗಾದರೆ ನನ್ನ ಅನುಮಾನ ಪಿನಿಯನ್ ಆಂಗಲ್ ಮೇಲೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಡಿಫರೆನ್ಶಿಯಲ್‌ನ ಪಿನಿಯನ್ ಶಾಫ್ಟ್ ಎಷ್ಟು ಓರೆಯಾಗಿದೆ ಅನ್ನುವುದರ ಮೇಲೆ. ಗೇರ್ ಬಾಕ್ಸ್‌ನ ಔಟ್‌ಪುಟ್ ಶಾಫ್ಟ್ ಮತ್ತು ಡಿಫರೆನ್ಶಿಯಲ್‌ನ ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ಕ್ರಾಸ್‌ಗಳ (ಯೂನಿವರ್ಸಲ್ ಜಾಯಿಂಟ್) ವೇಗದ ಏರಿಳಿತ ಪರಸ್ಪರ ರದ್ದಾಗುತ್ತದೆ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಓಡುವಾಗ ಪಿನಿಯನ್ ಮೂತಿ ಮೇಲಕ್ಕೇಳುತ್ತದೆ. ಅದಕ್ಕೆ ನಿಂತಾಗ ಸಮಾನಾಂತರಕ್ಕಿಂತ 1ರಿಂದ 2 ಡಿಗ್ರಿ ಕೆಳಗೆ ಇಟ್ಟಿರಬೇಕು. ಗೇರ್ ಬಾಕ್ಸ್ ಬಾಲ 3 ಡಿಗ್ರಿ ಕೆಳಗೆ ನೋಡುತ್ತಿದ್ದರೆ ಪಿನಿಯನ್ 1 ಅಥವಾ 2 ಡಿಗ್ರಿ ಮೇಲೆ ನೋಡಬೇಕು. ಅಳೆಯುವಾಗ ಗಾಡಿಯ ಭಾರ ಪೂರ್ತಿ ಚಕ್ರದ ಮೇಲಿರಲಿ. ಜಾಕ್ ಮೇಲೆ ಎತ್ತಿ, ಆಕ್ಸಲ್ ನೇತಾಡುವಾಗ ಅಳೆದರೆ ಆ ಅಂಕಿ ಪ್ರಯೋಜನವಿಲ್ಲ. ವ್ಯತ್ಯಾಸ ಇದ್ದರೆ ಸ್ಪ್ರಿಂಗ್‌ಗೂ ಆಕ್ಸಲ್ ಸೀಟಿಗೂ ನಡುವೆ ಓರೆ ಶಿಮ್ (ಬೆಣೆಯಂಥ ತೆಳು ತುಂಡು) ಹಾಕಿ. ಶಿಮ್ ಉಕ್ಕಿನದೇ ಇರಲಿ, ಅಲ್ಯೂಮಿನಿಯಂದು ಜಜ್ಜಿಹೋಗುತ್ತದೆ.

ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿದ್ದರೆ ಅದನ್ನೇ ಮತ್ತೆ ಹಾಕಬೇಡಿ, ಅದು ಒಮ್ಮೆ ಎಳೆದುಕೊಂಡಿರುತ್ತದೆ. ಹೊಸದನ್ನು ಹಾಕಿ, ನೂರು ಮೈಲಿ ಓಡಿಸಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಇನ್ನೊಮ್ಮೆ ಬಿಗಿ ಮಾಡಿ.

ಏರ್ ಬ್ಯಾಗ್ ಆಸೆ ಇದ್ದೇ ಇದ್ದರೆ ಒಂದು ವಿಷಯ ಗಮನಿಸಿ. ಲೀಫ್ ಸ್ಪ್ರಿಂಗ್ ಭಾರವನ್ನೂ ಹೊರುತ್ತದೆ, ಆಕ್ಸಲನ್ನು ಹಿಂದೆ ಮುಂದೆ ಹೋಗದಂತೆ ಹಿಡಿದೂ ಇಡುತ್ತದೆ. ಬ್ಯಾಗ್‌ಗೆ ಭಾರ ಹೊರುವುದಷ್ಟೇ ಗೊತ್ತು. ಸ್ಪ್ರಿಂಗ್ ತೆಗೆದರೆ ಫೋರ್ ಲಿಂಕ್ (ಆಕ್ಸಲನ್ನು ಹಿಡಿದಿಡುವ ನಾಲ್ಕು ತೋಳು) ಕಟ್ಟಿಸಲೇಬೇಕು, ಅಲ್ಲಿಂದ ಖರ್ಚು ಬೇರೆ ಮಟ್ಟಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ಹೋಮ್ ಡಿಪೋ ಅಂಗಡಿಯಿಂದ ನಾಲ್ಕು ಮರದ ಹಲಗೆ ತರೋಕೆ ಅಷ್ಟೆಲ್ಲ ಯಾಕೆ? ಸ್ಪ್ರಿಂಗ್ ಹಾಗೇ ಬಿಟ್ಟು, ನಾಚ್ ಆದ ಮೇಲೆ ಚಿಕ್ಕ ಹೆಲ್ಪರ್ ಬ್ಯಾಗ್ ಹಾಕಿ, ಲೋಡ್ ಇದ್ದಾಗ ಮಾತ್ರ ಗಾಳಿ ಜಾಸ್ತಿ ಮಾಡಿ.

ಕೆಳಗಿನ ಕಾಮೆಂಟಲ್ಲಿ ಹಾಸನದ ತಮ್ಮನೊಬ್ಬ ತನ್ನ ಊರಿನ ಬೊಲೆರೊ ಪಿಕಪ್‌ಗೂ ಹೀಗೇ ಮಾಡಬಹುದಾ ಅಂತ ಕೇಳಿದ್ದಾನೆ. ಬೇಡಪ್ಪ. ಅದು ಆಲೂಗಡ್ಡೆ ಮೂಟೆ ಹೊರುವ ಗಾಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಸ್ವರೂಪ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಚಾಸಿ ಕತ್ತರಿಸಿ ಎಫ್‌ಸಿಗೆ ಹೋದರೆ ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ.