ಕೊಂದವರು ಯಾರಂತ ಗೊತ್ತಿದ್ದೂ ಓದಬೇಕಾ? ಓದಬೇಕು

ಜಪಾನಿನ ಲೇಖಕ ಕೀಗೊ ಹಿಗಾಶಿನೊ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಕಾದಂಬರಿಯಲ್ಲಿ ಕೊಲೆ ಮಾಡಿದವರು ಯಾರಂತ ಶುರುವಿನಲ್ಲೇ ಹೇಳಿಬಿಡ್ತಾರಂತೆ, ಆಮೇಲೆ ಓದೋಕೆ ಏನು ಉಳಿಯುತ್ತೆ ಅಂತ ಕೇಳಿದ್ದೀರಿ. ಉಳಿಯುವುದೇ ಜಾಸ್ತಿ. ಖಂಡಿತ ಓದಿ.

ನಾನು ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಕಾದಂಬರಿಯ ಇಶಿಗಾಮಿಯೂ ಗಣಿತದ ಮೇಷ್ಟ್ರು. ದೊಡ್ಡ ಬುದ್ಧಿವಂತ, ಆದರೆ ಕಲಿಯಲು ಮನಸ್ಸಿಲ್ಲದ ಹುಡುಗರ ಮುಂದೆ ನಿಂತು ಪಾಠ ಮಾಡುವ ಒಂಟಿ ಮನುಷ್ಯ. ಅವನ ಪಕ್ಕದ ಮನೆಯಲ್ಲಿ ಯಾಸುಕೊ ಮಗಳ ಜೊತೆ ಇರುತ್ತಾಳೆ. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಅವಳ ಕೆಲಸ. ಬಿಟ್ಟ ಗಂಡ ದುಡ್ಡಿಗಾಗಿ ಹುಡುಕಿಕೊಂಡು ಬರುತ್ತಾನೆ. ಜಗಳ ಕೈಮೀರಿ, ತಾಯಿ ಮಗಳ ಕೈಯಲ್ಲಿ ಅವನು ಸಾಯುತ್ತಾನೆ. ಗೋಡೆಯಾಚೆ ಎಲ್ಲವನ್ನೂ ಕೇಳಿಸಿಕೊಂಡ ಇಶಿಗಾಮಿ, ಮುಂದಿನದನ್ನು ತಾನು ನೋಡಿಕೊಳ್ಳುವುದಾಗಿ ಹೇಳುತ್ತಾನೆ.

ಇದಿಷ್ಟೂ ನಿಮಗೆ ಗೊತ್ತಾದಮೇಲೆಯೇ ಪತ್ತೇದಾರಿ ಶುರುವಾಗುವುದು. ಇಶಿಗಾಮಿ ಒಂದು ಕಡೆ ತನ್ನ ಪ್ರಶ್ನೆಪತ್ರಿಕೆಯ ಗುಟ್ಟು ಹೇಳುತ್ತಾನೆ: ಲೆಕ್ಕ ನೋಡಿದರೆ ರೇಖಾಗಣಿತದ್ದು ಅನಿಸಬೇಕು, ಬಿಡಿಸಲು ಕೂತರೆ ಬೇರೆಯೇ ಅಧ್ಯಾಯದ್ದಾಗಿರಬೇಕು. ಓದಿದ ತಕ್ಷಣ ನನಗೆ ನಮ್ಮ ತರಗತಿ ಕಣ್ಣಮುಂದೆ ಬಂತು. 3 ಸೈನ್ ಎಕ್ಸ್ + 4 ಕಾಸ್ ಎಕ್ಸ್ ಗರಿಷ್ಠ ಎಷ್ಟಾಗಬಹುದು ಅಂತ ಕೇಳಿ ನೋಡಿ. ಸಿಇಟಿ ತಯಾರಿಯಲ್ಲಿರುವ ಮಕ್ಕಳು ಇದು ಕ್ಯಾಲ್ಕುಲಸ್ ಅಧ್ಯಾಯದ್ದು ಅಂದುಕೊಂಡು ಕೂಡಲೇ ಡೆರಿವೇಟಿವ್ ತೆಗೆಯಲು ಕೂರುತ್ತಾರೆ. 3, 4, 5ರ ಲಂಬಕೋನ ತ್ರಿಭುಜ ನೆನಪಾದರೆ ಉತ್ತರ 5 ಅಂತ ಬಾಯಲ್ಲೇ ಹೇಳಬಹುದು. ಯಾವ ಅಧ್ಯಾಯದ ಲೆಕ್ಕ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ. ಇಶಿಗಾಮಿ ಪೊಲೀಸರಿಗೆ ಮಾಡುವುದು ಇದನ್ನೇ. ಲೇಖಕರು ನಮಗೆ ಮಾಡುವುದೂ ಇದನ್ನೇ! ಎಲ್ಲಾ ಸುಳಿವು ಎದುರಿಗೇ ಇರುತ್ತೆ, ಯಾವುದನ್ನೂ ಬಚ್ಚಿಟ್ಟಿಲ್ಲ. ಇಂಥ ಪ್ರಾಮಾಣಿಕ ಪತ್ತೇದಾರಿ ಕಥೆ ಅಪರೂಪ.

ಇಶಿಗಾಮಿಯ ಎದುರಿಗೆ ನಿಲ್ಲುವುದು ಯುಕಾವಾ. ಭೌತವಿಜ್ಞಾನಿ, ಕಾಲೇಜು ದಿನಗಳ ಗೆಳೆಯ. ಉತ್ತರವನ್ನು ತಾನೇ ಕಂಡುಹಿಡಿಯುವುದು ಕಷ್ಟವೋ, ಇನ್ನೊಬ್ಬರು ಕೊಟ್ಟ ಉತ್ತರ ಸರಿಯಾ ಅಂತ ನೋಡುವುದು ಕಷ್ಟವೋ ಅಂತ ಇಬ್ಬರೂ ಮಾತಾಡುವ ಭಾಗ ನನಗೆ ಬಹಳ ಇಷ್ಟ. ಅದು ‘ಪಿ ಮತ್ತು ಎನ್‌ಪಿ’ ಎಂಬ, ಇವತ್ತಿಗೂ ಬಗೆಹರಿಯದ ನಿಜವಾದ ಗಣಿತದ ಪ್ರಶ್ನೆ. ಇಲ್ಲಿ ಅದು ಸುಮ್ನೆ ಶೋಕಿಗೆ ಬಂದಿಲ್ಲ, ಕಥೆಯ ಬೆನ್ನೆಲುಬೇ ಅದು.

ಕೊರತೆ ಇಲ್ಲ ಅಂತಲ್ಲ. ಯಾಸುಕೊ ಮನಸ್ಸಿನೊಳಗೆ ಲೇಖಕರು ಸಾಕಷ್ಟು ಇಳಿದಿಲ್ಲ. ಎಲ್ಲವೂ ಅವಳಿಗಾಗಿ ನಡೆಯುತ್ತೆ, ಅವಳನ್ನು ಕೇಳಿ ನಡೆಯುವುದು ಕಡಿಮೆ. ನಡುವೆ ಅವಳ ಹಳೆಯ ಪರಿಚಯದವನೊಬ್ಬ ಬಂದುಹೋಗುವ ಭಾಗ ಎಳೆದಂತಿದೆ. ಇನ್ನೊಂದು ಮಾತು. ಕೊನೆಯಲ್ಲಿ ಇಶಿಗಾಮಿ ಏನು ಮಾಡಿದ್ದಾನೆ ಅಂತ ತಿಳಿದಾಗ ತುಂಬಾ ಜನ ‘ಎಂಥ ತ್ಯಾಗ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವನ ಪ್ರೀತಿ ನಿಜ, ಆದರೆ ಅದಕ್ಕೆ ಬೆಲೆ ತೆತ್ತವನು ಅವನೊಬ್ಬನೇ ಅಲ್ಲ. ನೀವು ಓದಿ ಮುಗಿಸಿದಮೇಲೆ ಈ ಮಾತು ಅರ್ಥವಾಗುತ್ತೆ.

‘ದೃಶ್ಯ’ ಸಿನಿಮಾ ಥರಾನೇ ಅಲ್ವಾ ಅಂತ ನಮ್ಮ ಸ್ಟಾಫ್ ರೂಮಿನಲ್ಲೂ ಕೇಳಿದ್ದರು. ಸಿನಿಮಾ ಟಿಕೆಟ್, ಪೊಲೀಸರ ಮತ್ತೆ ಮತ್ತೆ ವಿಚಾರಣೆ, ಇವೆಲ್ಲ ಹತ್ತಿರ ಅನಿಸುತ್ತವೆ. ಒಳಗಿನ ಉಪಾಯ ಬೇರೆ. ಹಿಂದಿಯ ‘ಜಾನೇ ಜಾನ್’ ಸಿನಿಮಾ 2023ರಲ್ಲಿ ಬಂದಿದ್ದು ಈ ಪುಸ್ತಕದಿಂದಲೇ, ಅದನ್ನು ಮಾತ್ರ ಮೊದಲು ನೋಡಬೇಡಿ. ಜಪಾನಿನಲ್ಲಿ ಈ ಕಾದಂಬರಿ ಬಂದಿದ್ದು 2005ರಲ್ಲಿ, ಅಲ್ಲಿನ ನವೊಕಿ ಸಾಹಿತ್ಯ ಪ್ರಶಸ್ತಿಯೂ ಸಿಕ್ಕಿದೆ. ಇಂಗ್ಲಿಷ್ ಅನುವಾದ 2011ರದ್ದು, ಭಾಷೆ ಸರಳ. ನಿಘಂಟು ಪಕ್ಕದಲ್ಲಿ ಇಟ್ಟುಕೊಳ್ಳುವ ಅಗತ್ಯ ಬೀಳಲ್ಲ.